ಭಜನೆ, ನಾಟಕಗಳಲ್ಲಿ ತೊಡಗಿಕೊಂಡರೆ ಆರೋಗ್ಯ ಸುಧಾರಿಸುತ್ತದೆಯೇ?

ಪ್ರಶ್ನೆ: ಮೊಣಕಾಲು ನೋವಿನಿಂದ ಎರಡು ವರ್ಷ ಮನೆಯಲ್ಲೇ ಕುಳಿತಿದ್ದ ನಮ್ಮ ತಾಯಿಯವರು ಈಗ ಪ್ರತಿ ಶನಿವಾರ ಸಂಜೆ ತಾಳವನ್ನು ಸೆರಗಿನಲ್ಲಿ ಸುತ್ತಿಕೊಂಡು ಭಜನಾ ಮಂಡಳಿಗೆ ಹೊರಡುತ್ತಾರೆ, ಆ ರಾತ್ರಿ ಅವರಿಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ. ಇದಕ್ಕೆ ಅಧ್ಯಯನಗಳ ಆಧಾರವಿದೆಯೇ?

ಉತ್ತರ 1: ಇದೆ. ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ 6,710 ಜನರನ್ನು ಸುಮಾರು 14 ವರ್ಷ ಗಮನಿಸಿ, ಡೇಸಿ ಫ್ಯಾನ್‌ಕೋರ್ಟ್ ಮತ್ತು ಆಂಡ್ರ್ಯೂ ಸ್ಟೆಪ್ಟೋ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲವು ತಿಂಗಳಿಗೊಮ್ಮೆಯಾದರೂ ನಾಟಕ, ಸಂಗೀತ ಕಚೇರಿ, ವಸ್ತುಸಂಗ್ರಹಾಲಯಗಳಿಗೆ ಹೋಗುತ್ತಿದ್ದವರಲ್ಲಿ ಸಾವಿನ ಅಪಾಯವು ಎಂದೂ ಹೋಗದವರಿಗಿಂತ ಶೇ. 31ರಷ್ಟು ಕಡಿಮೆಯಿತ್ತು. ಆದಾಯ, ಕಾಯಿಲೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರದ ಅಂಕಿ ಇದು.

ಉತ್ತರ 2: ಆದರೂ ನಂಟು ಕಂಡ ಮಾತ್ರಕ್ಕೆ ಅದನ್ನೇ ಕಾರಣವೆನ್ನಲಾಗದು. ಓಡಾಡುವ ಶಕ್ತಿ ಇದ್ದವರೇ ನಾಟಕಕ್ಕೆ ಹೋಗುತ್ತಾರೆ ಎಂಬ ಸಾಧ್ಯತೆ ಪೂರ್ತಿಯಾಗಿ ಅಳಿಸಿಹೋಗುವುದಿಲ್ಲ. ಮೊಣಕಾಲಿನ ಚಿಕಿತ್ಸೆಯನ್ನು ದಯವಿಟ್ಟು ನಿಲ್ಲಿಸಬೇಡಿ.

ಉತ್ತರ 3: ನಾರ್ವೆಯಲ್ಲಿ 50,000ಕ್ಕೂ ಹೆಚ್ಚು ವಯಸ್ಕರ ಸಮೀಕ್ಷೆಯಲ್ಲಿ, ಪುರುಷರ ಮಟ್ಟಿಗೆ, ಸ್ವತಃ ಹಾಡುವುದಕ್ಕಿಂತ ನೋಡಿ ಕೇಳಿ ಆನಂದಿಸುವುದಕ್ಕೇ ಆರೋಗ್ಯದ ನಂಟು ಹೆಚ್ಚಾಗಿ ಕಂಡಿತ್ತು. ಆದ್ದರಿಂದ ಹಾಡಲು ಸಂಕೋಚಪಡುವ ತಂದೆಯವರನ್ನೂ ಕರೆದೊಯ್ಯಿರಿ. ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ.