ಗಾಂಜಾ ಕಾನೂನುಬದ್ಧವಾದರೆ ಮಂಡ್ಯದ ರೈತನಿಗೆ ಏನು ಸಿಗುತ್ತದೆ?

ಪಾಂಡವಪುರ_ಕಬ್ಬು ಕೇಳಿದ್ದು:

ನಮ್ಮ ಕಡೆಯ ಕಬ್ಬು ಬೆಳೆಗಾರರ ಗುಂಪಿನಲ್ಲಿ ಈಗ ಇದೇ ಚರ್ಚೆ. "ಉತ್ತರಾಖಂಡದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ, ಇಲ್ಲೂ ಗಾಂಜಾ ಲೀಗಲ್ ಮಾಡಲಿ, ಕಬ್ಬಿನ ದುಡ್ಡಿಗೆ ಕಾಯುವುದು ತಪ್ಪುತ್ತದೆ" ಅಂತ ಕೆಲವರು. "ಊರ ಹುಡುಗರು ಹಾಳಾಗುತ್ತಾರೆ" ಅಂತ ಉಳಿದವರು. ಎರಡೂ ಕಡೆಯವರಿಗೆ ವಿಷಯ ಸರಿಯಾಗಿ ಗೊತ್ತಿಲ್ಲ. ಈಗಿನ ಕಾನೂನು ನಿಖರವಾಗಿ ಏನನ್ನು ತಡೆಯುತ್ತದೆ? ಗಾಂಜಾ ಗಿಡದ ನಾರಿನ ತಳಿ, ಅಂದರೆ ಹೆಂಪ್, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಬರುತ್ತದಾ? ಲೀಗಲ್ ಮಾಡಿದ ದೇಶಗಳು ಹುಡುಗರ ವಿಷಯದಲ್ಲಿ ಏನು ಮಾಡಿವೆ? ಭಾಷಣ ಬೇಡ, ಲೆಕ್ಕ ಬೇಕು.

ಕೋರ್ಟ್‌ಬೀದಿ_ಮಂಡ್ಯ:

ಮೊದಲು ಪದಗಳನ್ನು ಬಿಡಿಸಿಕೊಳ್ಳಿ, ಅರ್ಧ ಜಗಳ ಅಲ್ಲೇ ಇದೆ. 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ಅಥವಾ ಕಾಯಿ ಕಟ್ಟಿದ ತುದಿ. ತುದಿ ಸೇರಿರದ ಬರೀ ಎಲೆ, ಬರೀ ಬೀಜ ಗಾಂಜಾ ಆಗುವುದಿಲ್ಲ. ಬೇರ್ಪಡಿಸಿದ ಅಂಟು ಚರಸ್. ಎಲೆ ಅರೆದು ಮಾಡಿದ ಭಂಗಿ ಈ ಕಾಯ್ದೆಯ ಹೊರಗೆ ಉಳಿಯುತ್ತದೆ. 2022ರಲ್ಲಿ ನಮ್ಮ ಹೈಕೋರ್ಟೂ ಒಂದು ಜಾಮೀನು ಆದೇಶದಲ್ಲಿ ಹಾಗೇ ಹೇಳಿದೆ. ಇದನ್ನು ಓದಿಕೊಂಡು ಯಾರಾದರೂ ಹಿತ್ತಲಲ್ಲಿ ಭಂಗಿ ಸೊಪ್ಪು ಹಾಕಿದರೆ ಕೆಟ್ಟರು. 8ನೇ ಕಲಂ ತಡೆಯುವುದು ಇಡೀ ಗಿಡದ ಬೇಸಾಯವನ್ನು. "ಎಲೆಗೆ ಅಂತ ಬೆಳೆದೆ" ಎಂಬ ಮಾತು ನಡೆಯುವುದಿಲ್ಲ. ಬೆಳೆದದ್ದಕ್ಕೆ 20(ಎ) ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಎರಡು ಗಿಡಕ್ಕೂ ಇನ್ನೂರು ಗಿಡಕ್ಕೂ ಕಲಂ ಒಂದೇ.

ಇಟ್ಟುಕೊಂಡ ಕೇಸಿನಲ್ಲಿ ಮಾತ್ರ ತೂಕ ಲೆಕ್ಕಕ್ಕೆ ಬರುತ್ತದೆ. ಗಾಂಜಾ 1 ಕಿಲೋವರೆಗೆ ಅಲ್ಪ ಪ್ರಮಾಣ: 1 ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10, ಗರಿಷ್ಠ 20 ವರ್ಷ, ಜೊತೆಗೆ 37ನೇ ಕಲಂ ಬಂದು ಕೂತರೆ ಜಾಮೀನು ಬಹಳ ಕಷ್ಟ. ಚರಸ್‌ಗೆ ಇವೇ ಗಡಿಗಳು 100 ಗ್ರಾಂ ಮತ್ತು 1 ಕಿಲೋ. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಹೊಲದಿಂದ ಗಿಡವನ್ನು ಬೇರು, ಕಾಂಡ, ಮಣ್ಣು ಸಮೇತ ಕಿತ್ತು ಒಟ್ಟಿಗೆ ತೂಗಿ "ಇಷ್ಟು ಕಿಲೋ ಗಾಂಜಾ" ಅಂತ ಮಹಜರಿನಲ್ಲಿ ಬರೆದುಬಿಡುತ್ತಾರೆ. ತುದಿಯನ್ನು ಬೇರೆ ಮಾಡಿ ತೂಗಿದ್ದಾರೋ, 52ಎ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಸ್ಯಾಂಪಲ್ ತೆಗೆದಿದ್ದಾರೋ ಎಂದು ಮೊದಲ ದಿನವೇ ನೋಡಬೇಕು. ಹಸಿ ಗಿಡ ಒಣಗಿದ ಮೇಲೆ ಆ ತೂಕ ಮತ್ತೆ ಸಿಗುವುದಿಲ್ಲ.

ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಟ್ಟದ್ದು ಇದೇ ಕಾಯ್ದೆಯ 14ನೇ ಕಲಂ ಹಿಡಿದು. ನಾರು ಮತ್ತು ಬೀಜಕ್ಕಾಗಿ, ಇಲ್ಲವೇ ತೋಟಗಾರಿಕೆಗೆ ಈ ಗಿಡ ಬೆಳೆಯಲು ಸರ್ಕಾರ ಆದೇಶ ಹೊರಡಿಸಿ ಅನುಮತಿ ಕೊಡಬಹುದು. ಅಲ್ಲಿ ಟಿಎಚ್‌ಸಿ, ಅಂದರೆ ಗಿಡದಲ್ಲಿ ನಶೆ ಕೊಡುವ ಅಂಶ, 0.3% ಮೀರುವಂತಿಲ್ಲ. ಅಂದರೆ ನಾರಿನ ಬೆಳೆಗೆ ಪಾರ್ಲಿಮೆಂಟ್ ಹೊಸ ಕಾನೂನು ಮಾಡಬೇಕಾಗಿಲ್ಲ, ಸರ್ಕಾರದ ಆದೇಶ ಸಾಕು. ಅಂಥ ಆದೇಶದ ಅಡಿಯಲ್ಲಿ ನಿಮ್ಮ ಸರ್ವೆ ನಂಬರಿಗೆ ಲೈಸೆನ್ಸ್ ಇಲ್ಲದೆ ಒಂದು ಬೀಜವನ್ನೂ ನೆಲಕ್ಕೆ ಹಾಕಬೇಡಿ. ಆನ್‌ಲೈನಿನಲ್ಲಿ "ಹೆಂಪ್ ಬಿತ್ತನೆ ಬೀಜ, ಲೀಗಲ್" ಅಂತ ಮಾರುವವನ ಬಿಲ್ಲು ಲೈಸೆನ್ಸ್ ಅಲ್ಲ.

ಸೇದುವವನನ್ನು ಜೈಲಿಗೆ ಕಳಿಸುವುದು ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 27ನೇ ಕಲಂ ಪ್ರಕಾರ ಬರೀ ಸೇವನೆಗೂ 6 ತಿಂಗಳವರೆಗೆ ಸಜೆ ಇದೆ. ಆ ಕೇಸಿನ ಕಾಗದ ಹುಡುಗನ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಅಡ್ಡ ಬರುತ್ತಲೇ ಇರುತ್ತದೆ.

ನಾಲೆಬಯಲು:

ಬೇಸಾಯದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಮೊದಲು ಹೆಸರಿನ ಗೊಂದಲ. ನಾವು ಭತ್ತಕ್ಕೆ ಮುಂಚೆ ಹಸಿರೆಲೆ ಗೊಬ್ಬರಕ್ಕೆ ಹಾಕುವ ಅಪ್ಸೆಣಬು ಹಳದಿ ಹೂವಿನ ದ್ವಿದಳ ಗಿಡ, ಇದಕ್ಕೆ ಏನೇನೂ ಸಂಬಂಧವಿಲ್ಲ. ಪುಂಡಿ ಜಾತಿಯಲ್ಲಿ ಕೆಲವಕ್ಕೆ ಎಲೆ ಗಾಂಜಾದಂತೆಯೇ ಬೆರಳು ಬೆರಳಾಗಿ ಸೀಳಿರುತ್ತದೆ, ಹೂ ಮಾತ್ರ ದಾಸವಾಳದಂತೆ ಅಗಲ, ನಡುವೆ ಕಡುಗೆಂಪು. ಇವೆರಡಕ್ಕೂ ಕಾನೂನಿನ ತೊಡಕಿಲ್ಲ.

ನಾರಿನ ಹೆಂಪ್‌ಗೆ ಇಲ್ಲಿ ನಿಜವಾದ ತಡೆ ಹಗಲಿನ ಉದ್ದ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಈ ಗಿಡ ಹಗಲು ಕಡಿಮೆಯಾದಾಗ ಹೂ ಬಿಡುತ್ತದೆ. ಯುರೋಪಿನ ನಾರಿನ ತಳಿಗಳು ದಿನಕ್ಕೆ ಸುಮಾರು 14 ಗಂಟೆಗಿಂತ ಹೆಚ್ಚು ಬೆಳಕಿದ್ದರೆ ಮಾತ್ರ ಹೂ ಬಿಡದೆ ಎತ್ತರಕ್ಕೆ ಹೋಗುತ್ತವೆ. ಮಂಡ್ಯದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೇ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ಅಲ್ಲಿನ ಬೀಜ ಇಲ್ಲಿ ಬಿತ್ತಿದರೆ ನಾಲ್ಕೈದು ವಾರಕ್ಕೇ ಹೂವಿಗೆ ಬಂದು ಗಿಡ ಕುಳ್ಳಾಗಿ ನಿಲ್ಲುತ್ತದೆ, ನಾರು ತೆಗೆಯುವಷ್ಟು ಕಾಂಡ ಸಿಗುವುದಿಲ್ಲ. ನಮ್ಮ ಹಗಲಿಗೆ ಹೊಂದಿಕೊಂಡ ಉಷ್ಣವಲಯದ ನಾಟಿ ಗಿಡ ಎತ್ತರ ಬೆಳೆಯುತ್ತದೆ, ಆದರೆ ಅದರ ಟಿಎಚ್‌ಸಿ 0.3%ಗಿಂತ ಎಷ್ಟೋ ಮೇಲೆ. ಎತ್ತರ ಬೇಕೆಂದರೆ ಕಾನೂನು ಮೀರುತ್ತದೆ, ಕಾನೂನಿನೊಳಗೆ ಇರಬೇಕೆಂದರೆ ಎತ್ತರ ಬರುವುದಿಲ್ಲ. ಚೀನಾದ ಯುನ್ನಾನ್‌ನಲ್ಲಿ ದಕ್ಷಿಣದ ಹಗಲಿಗೆ ಹೊಂದುವ, ತಡವಾಗಿ ಹೂ ಬಿಡುವ ತಳಿ ಮಾಡಿದ್ದಾರೆ. ಅಂಥದ್ದನ್ನು ವಿ.ಸಿ. ಫಾರಂನಂಥ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅನುಮತಿ ಪಡೆದು ಕೆಲವು ಹಂಗಾಮು ಹಾಕಿ ನೋಡದೆ ರೈತನ ಕೈಗೆ ಕೊಡಬಾರದು.

0.3% ಪರೀಕ್ಷೆಯಲ್ಲಿ ಬೆಳೆ ಹೇಗೆ ಬೀಳುತ್ತದೆ ಎಂಬ ಲೆಕ್ಕವೂ ತಿಳಿದಿರಲಿ. ಹಸಿ ಹೂವಿನಲ್ಲಿ ಹೆಚ್ಚಿನ ಭಾಗ ಟಿಎಚ್‌ಸಿಎ ಎಂಬ ಆಮ್ಲ ರೂಪದಲ್ಲಿರುತ್ತದೆ, ಬಿಸಿ ತಾಗಿದಾಗ ಟಿಎಚ್‌ಸಿ ಆಗುತ್ತದೆ. ಅಮೆರಿಕದ ಹೆಂಪ್ ನಿಯಮದಲ್ಲಿರುವಂತೆ ಒಟ್ಟು ಲೆಕ್ಕ: ಟಿಎಚ್‌ಸಿಎ ಪ್ರಮಾಣವನ್ನು 0.877ರಿಂದ ಗುಣಿಸಿ ಟಿಎಚ್‌ಸಿಗೆ ಕೂಡಿಸಬೇಕು. ಟಿಎಚ್‌ಸಿಎ 0.33%, ಟಿಎಚ್‌ಸಿ 0.02% ಬಂದರೆ ಮೊತ್ತ 0.309%, ಬೆಳೆ ಫೇಲ್. ಹೂ ಮಾಗಿದಷ್ಟೂ ಇದು ಏರುತ್ತದೆ. ಪರೀಕ್ಷೆಗೆ ದಿನ ಕೊಟ್ಟ ಲ್ಯಾಬ್ ಎರಡು ವಾರ ತಡಮಾಡಿದರೂ ಪಾಸಾಗಬೇಕಿದ್ದ ಹೊಲ ಫೇಲಾಗಬಹುದು. ಆಗ ನಾಶ ಮಾಡುವ ಖರ್ಚು ಯಾರದ್ದು, ವಿಮೆ ಇದೆಯಾ, ಇದನ್ನೆಲ್ಲ ನೀತಿಯಲ್ಲೇ ಬರೆದಿರಬೇಕು.

ಇನ್ನು ಕೈಗೆಲಸ. ನಾರಿಗಾದರೆ ಎಕರೆಗೆ 20–25 ಕಿಲೋ ಬೀಜ, ಒತ್ತಾಗಿ ಬಿತ್ತಬೇಕು. ಅಂತರ ಹೆಚ್ಚಾದರೆ ಕವಲೊಡೆದು ನಾರು ತುಂಡಾಗುತ್ತದೆ. ಮೊಳೆತ ಮೊದಲ ವಾರಗಳಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ನಾಲೆ ಕೆಳಗಿನ ಜೌಗು ಗದ್ದೆ ಬೇಡ, ಬಸಿಯುವ ಕೆಂಪು ಮಣ್ಣು ಬೇಕು. ಕೊಯ್ದ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿದರೆ ಆ ನೀರಿನ ಆಮ್ಲಜನಕ ಹೋಗಿ ಮೀನು ಸಾಯುತ್ತದೆ, ಕೆರೆಯಲ್ಲಿ ಮಾಡುವ ಕೆಲಸ ಅಲ್ಲ. ಒಣ ಕಾಂಡದಲ್ಲಿ ನಾರು ನಾಲ್ಕನೇ ಒಂದು ಭಾಗದಷ್ಟು, ಉಳಿದದ್ದು ಒಳಗಿನ ದಂಟು. ಇಷ್ಟು ಹಗುರವಾದ, ಜಾಗ ತಿನ್ನುವ ಸರಕನ್ನು ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭ ತಿನ್ನುತ್ತದೆ. ನಾರು ಬಿಡಿಸುವ ಯಂತ್ರ ಹತ್ತಿರದಲ್ಲಿ ಇರಲೇಬೇಕು. ಒಂದೇ ಕಾರ್ಖಾನೆಯನ್ನು ನಂಬಿ ಬೆಳೆಯುವುದು ಏನೆಂದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.

ಬೀಜದ ದಾರಿ ಸ್ವಲ್ಪ ವಾಸಿ. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವಾಗಿ ಒಪ್ಪಿದೆ. ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು. ಬೀಜದೊಳಗೆ ಟಿಎಚ್‌ಸಿ ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಕೇರಿ ತೂರುವಾಗ ಹೂವಿನ ಅಂಟು ಸಿಪ್ಪೆಗೆ ಹತ್ತಿ ಲೆಕ್ಕ ಮೀರುತ್ತದೆ. ಮೈಸೂರಿನಲ್ಲೇ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಆಹಾರ ಸಂಸ್ಕರಣೆಯ ವಿಷಯದಲ್ಲಿ ಅದು ನಮ್ಮ ಭಾಗದ ಬಲ. ನನ್ನನ್ನು ಕೇಳಿದರೆ ಗುಂಪಿನವರು ಒತ್ತಾಯಿಸಬೇಕಾದದ್ದು ಬೀಜದ ತಳಿ ಪ್ರಯೋಗಕ್ಕೆ.

ಕುಕ್ಕರಹಳ್ಳಿ_ದಂಡೆ:

ವಕೀಲರ ಮಾತಿಗೆ ಅರ್ಧ ಒಪ್ಪಿಗೆ. ಶಿಕ್ಷೆ ತೆಗೆಯಲಿ, ಅಂಗಡಿ ತೆರೆಯುವುದು ಬೇಡ. ಇವೆರಡನ್ನೂ ಒಂದೇ ಪದದಲ್ಲಿ "ಲೀಗಲ್" ಅನ್ನುವುದರಿಂದಲೇ ಮಾತು ಕೆಡುತ್ತಿದೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ, ಅವರಲ್ಲಿ ನೆರವು ಬೇಕಾದವರು ಸುಮಾರು 72 ಲಕ್ಷ. ಬಳಸಿದವರಲ್ಲಿ ಸುಮಾರು 9% ಜನಕ್ಕೆ ಚಟವಾಗುತ್ತದೆ ಎಂಬುದು ಹಳೆಯ ಅಂದಾಜು. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರಿಗೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ, ದಿನವೂ ಹೆಚ್ಚು ಟಿಎಚ್‌ಸಿ ಇರುವ ಮಾಲು ಸೇದಿದರೆ ಮನೋವಿಕಾರದ ಅಪಾಯ ಎದ್ದು ಕಾಣುವಷ್ಟು ಹೆಚ್ಚು. ವಯಸ್ಸಿನ ಗಡಿಗಾಗಿ ಹಟ ಹಿಡಿಯುವುದು ಇದಕ್ಕೇ.

ತಿನ್ನುವ ರೂಪ ಇನ್ನೊಂದು ತೊಂದರೆ. ಸೇದಿದರೆ ಕೆಲವೇ ನಿಮಿಷಕ್ಕೆ ಹತ್ತುತ್ತದೆ, ಎರಡು ಮೂರು ಗಂಟೆಗೆ ಇಳಿಯುತ್ತದೆ. ತಿಂದರೆ ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಇಳಿಯಲು ಆರೆಂಟು ಗಂಟೆ. ಯಕೃತ್ತಿನಲ್ಲಿ ಅದು ಇನ್ನೂ ಪ್ರಬಲ ರೂಪಕ್ಕೆ ತಿರುಗುತ್ತದೆ. "ಏನೂ ಆಗಲಿಲ್ಲ" ಅಂತ ಮುಕ್ಕಾಲು ಗಂಟೆಗೆ ಎರಡನೇ ಉಂಡೆ ಬಾಯಿಗೆ ಹಾಕಿಕೊಂಡವರೇ ಎದೆ ಹೊಡೆದುಕೊಂಡು, ಸಾಯುತ್ತೇನೆ ಎನ್ನುವ ಭಯದಲ್ಲಿ ತುರ್ತು ಚಿಕಿತ್ಸೆಗೆ ಬರುವುದು. ಕೆನಡಾ ಇದನ್ನು ಮುಂಚೆಯೇ ಯೋಚಿಸಿತು: 2018ರ ಅಕ್ಟೋಬರ್ 17ಕ್ಕೆ ಮಾರಾಟ ಶುರುವಾದರೂ ತಿನಿಸಿಗೆ ಇನ್ನೊಂದು ವರ್ಷ ತಡೆದು, ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ ಹಾಕಿತು. ಜೇಬಿನಲ್ಲಿ 30 ಗ್ರಾಂ, ಮನೆಗೆ ನಾಲ್ಕು ಗಿಡ, ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಕನಿಷ್ಠ ವಯಸ್ಸು 21. ಜರ್ಮನಿ 2024ರ ಏಪ್ರಿಲ್ 1ರಿಂದ 25 ಗ್ರಾಂ ಮತ್ತು ಮೂರು ಗಿಡಕ್ಕೆ ಒಪ್ಪಿತು, ಅಂಗಡಿ ಮಾರಾಟಕ್ಕೆ ಒಪ್ಪಲಿಲ್ಲ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಮಾದಕವಸ್ತು ಪಟ್ಟಿಯಿಂದ ತೆಗೆದುಹಾಕಿತು, ಮಾರಾಟದ ಕಾನೂನು ಮಾತ್ರ ಇನ್ನೂ ಆಗಿರಲಿಲ್ಲ. ಬೀದಿಗೊಂದು ಅಂಗಡಿ ಎದ್ದ ಮೇಲೆ 2025ರಲ್ಲಿ ವೈದ್ಯರ ಚೀಟಿ ಬೇಕು ಅಂತ ಹಿಂದೆ ಸರಿಯಬೇಕಾಯಿತು. ನಮ್ಮಲ್ಲಿ ಆತುರಪಟ್ಟರೆ ಆಗುವುದು ಥಾಯ್ಲೆಂಡಿನದ್ದೇ.

ವಾಹನದ ವಿಷಯವನ್ನು ಯಾರೂ ಎತ್ತಿಲ್ಲ. ಕುಡಿದವನನ್ನು ಹಿಡಿಯಲು ಊದಿಸುವ ಯಂತ್ರ ಇದೆ. ಇದಕ್ಕೆ ಅಷ್ಟು ನಂಬುವ ಯಂತ್ರ ಇಲ್ಲ. ಕೊಬ್ಬಿನಲ್ಲಿ ಉಳಿಯುವ ವಸ್ತುವಾದ್ದರಿಂದ ದಿನವೂ ಸೇದುವವನ ಮೂತ್ರದಲ್ಲಿ ಬಿಟ್ಟು ವಾರಗಳಾದರೂ ಸಿಗುತ್ತದೆ, ಆ ಕ್ಷಣ ನಶೆ ಇತ್ತೋ ಇಲ್ಲವೋ ಅದು ಹೇಳುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದನ್ನು ಹೇಗೆ ಪರೀಕ್ಷಿಸುತ್ತೀರಿ ಎಂಬುದಕ್ಕೆ ಉತ್ತರ ಸಿಗುವವರೆಗೆ ಮಾರಾಟಕ್ಕೆ ನನ್ನ ವಿರೋಧ.

ಈಗಲೇ ಬಿಡಬೇಕೆನ್ನುವವರಿಗೆ: ನಿಲ್ಲಿಸಿದ ಒಂದರಿಂದ ಮೂರು ದಿನದೊಳಗೆ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಶುರು; ಮೊದಲ ವಾರ ಜೋರು, ಎರಡು ವಾರಕ್ಕೆ ಬಹುಮಟ್ಟಿಗೆ ಇಳಿಯುತ್ತದೆ. ಪದೇ ಪದೇ ವಾಂತಿ ಆಗಿ ಬಿಸಿನೀರು ಸ್ನಾನ ಮಾಡಿದಾಗ ಮಾತ್ರ ಹಾಯೆನಿಸಿದರೆ ಅದು ಗಾಂಜಾದಿಂದಲೇ ಇರಬಹುದು, ವೈದ್ಯರಿಗೆ ಮುಚ್ಚಿಡದೆ ಹೇಳಿ. ಚಟ ಬಿಡಿಸುವ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಪಾಂಡವಪುರ_ಕಬ್ಬು:

ಎಲ್ಲರಿಗೂ ಧನ್ಯವಾದ. ಹಗಲಿನ ಉದ್ದದ ವಿಷಯ ಗುಂಪಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವಕೀಲರೇ, ಇನ್ನೆರಡು ಮಾತು. ಚಿಕಿತ್ಸೆಗೆ ಹೋದ ಹುಡುಗನ ಮೇಲೆ ಕೇಸು ಬೀಳುತ್ತದಾ? ವಾರಕ್ಕೆ (ಬೆಳೆಯ ಪಾಲಿಗೆ) ಕೊಟ್ಟ ಜಮೀನಿನಲ್ಲಿ ಕಬ್ಬಿನ ಸಾಲಿನ ನಡುವೆ ಗಿಡ ಸಿಕ್ಕರೆ ಮಾಲೀಕ ಏನು ಮಾಡಬೇಕು?

ಕೋರ್ಟ್‌ಬೀದಿ_ಮಂಡ್ಯ:

ಚಿಕಿತ್ಸೆಗೆ 64ಎ ಇದೆ. ಚಟಕ್ಕೆ ಬಿದ್ದವನು ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪದಲ್ಲಿದ್ದು, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮುಗಿಸದಿದ್ದರೆ ಆ ರಕ್ಷಣೆ ಹೋಗಬಹುದು, ಆದ್ದರಿಂದ ದಾಖಲಾತಿ ಮತ್ತು ಬಿಡುಗಡೆ ಚೀಟಿ ಎರಡನ್ನೂ ಜೋಪಾನ ಮಾಡಿ. ಮಾರಿದವನಿಗೆ ಇದು ಅನ್ವಯಿಸುವುದಿಲ್ಲ.

ಜಮೀನಿನ ವಿಷಯದಲ್ಲಿ 46ನೇ ಕಲಂ ನೆನಪಿಡಿ. ತನ್ನ ನೆಲದಲ್ಲಿ ಈ ಗಿಡ ಬೆಳೆದಿದ್ದಾರೆಂದು ತಿಳಿದ ಕೂಡಲೇ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸುವುದು ಜಮೀನುದಾರನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ಗಿಡ ಕೀಳಬೇಡಿ, ಸುಡಬೇಡಿ. ಕಿತ್ತು ಮನೆಗೆ ತಂದರೆ ಇಟ್ಟುಕೊಂಡ ಕೇಸು ನಿಮ್ಮ ಮೇಲೆ ಬರುತ್ತದೆ, ಸುಟ್ಟರೆ ಸಾಕ್ಷಿ ನಾಶದ ಮಾತು ಬರುತ್ತದೆ. ದೂರದಿಂದ ಫೋಟೊ ತೆಗೆದು, 112ಕ್ಕೆ ಕರೆ ಮಾಡಿ, ಅದೇ ದಿನ ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಒಂದು ಪ್ರತಿ ಗ್ರಾಮ ಆಡಳಿತಾಧಿಕಾರಿಗೂ ಕೊಡಿ. ಅರ್ಜಿಯಲ್ಲಿ ಸರ್ವೆ ನಂಬರ್, ಉಳುತ್ತಿರುವವನ ಹೆಸರು, ವಾರಕ್ಕೆ ಕೊಟ್ಟ ದಿನಾಂಕ ಇರಲಿ. ಬಾಯಿಮಾತಿನಲ್ಲಿ ವಾರಕ್ಕೆ ಕೊಟ್ಟವರು ತೊಂದರೆಗೆ ಸಿಕ್ಕುವುದು ಇಲ್ಲೇ, ಪಹಣಿಯಲ್ಲಿ ಹೆಸರು ನಿಮ್ಮದೇ ಇರುತ್ತದೆ. ಈ ಹಂಗಾಮಿನಿಂದಲಾದರೂ ಒಂದು ಛಾಪಾ ಕಾಗದದಲ್ಲಿ ಕರಾರು ಬರೆಸಿ, ಯಾವ ಬೆಳೆ ಎಂಬುದನ್ನೂ ಅದರಲ್ಲಿ ಸೇರಿಸಿ.