ಸಹಾಯ ಬೇಕು: ಜಪಾನಿ ಗೌಜಲ ಹಕ್ಕಿಯಲ್ಲಿ (ಕ್ವೇಲ್) ರಾತ್ರಿ ಹಾರ್ಮೋನು ಮೆಲಟೋನಿನ್ ಪಾತ್ರ ಏನು?

ನಮಸ್ಕಾರ. ಎಂಎಸ್ಸಿ ಸೆಮಿನಾರ್‌ಗೆ ಹಕ್ಕಿಗಳ ಸಂತಾನ ಹಾರ್ಮೋನುಗಳ ವಿಷಯ ತಗೊಂಡಿದ್ದೇನೆ. ಒಂದು ಕಡೆ ಪೂರ್ತಿ ಸಿಕ್ಕಿಕೊಂಡಿದ್ದೇನೆ.

ಹಗಲು ಉದ್ದವಾದಾಗ ಬೆಳಕು ತಲೆಬುರುಡೆ ದಾಟಿ ಮಿದುಳಿನ ಹೈಪೊಥಲಾಮಸ್ ಭಾಗದ, ಬೆಳಕು ಗ್ರಹಿಸುವ ಕೋಶಗಳನ್ನೇ ತಲುಪುತ್ತದೆ. ಕಣ್ಣೇ ಬೇಕಿಲ್ಲ! ಆಗ ಪಿಟ್ಯುಟರಿ ಗ್ರಂಥಿಯ ಪಾರ್ಸ್ ಟ್ಯೂಬರಾಲಿಸ್ ಭಾಗದಲ್ಲಿ ಟಿಎಸ್‌ಎಚ್ ಹಾರ್ಮೋನು ಜಾಸ್ತಿಯಾಗುತ್ತದೆ. ಅದರಿಂದ ಡಿಐಒ2 ಕಿಣ್ವ ಹೆಚ್ಚಿ, ಥೈರಾಯ್ಡ್ ಹಾರ್ಮೋನು ಟಿ4 ಅನ್ನು ಅದರ ಸಕ್ರಿಯ ರೂಪ ಟಿ3 ಮಾಡುತ್ತದೆ. ಆಮೇಲೆ ಮಿದುಳಿನ ಹಾರ್ಮೋನು ಜಿಎನ್‌ಆರ್‌ಎಚ್, ಅದರಿಂದ ಪಿಟ್ಯುಟರಿಯ ಸಂತಾನ ಹಾರ್ಮೋನು ಎಲ್‌ಎಚ್, ಕೊನೆಗೆ ವೃಷಣದ ಬೆಳವಣಿಗೆ. ಇಲ್ಲಿವರೆಗೆ ಸರಿ.

2000ದಲ್ಲಿ ಜಪಾನಿನ ವಿಜ್ಞಾನಿ ತ್ಸುತ್ಸುಯಿ ಅವರ ತಂಡ ಇದೇ ಹಕ್ಕಿಯಲ್ಲಿ ಜಿಎನ್‌ಐಎಚ್ ಎಂಬ ಇನ್ನೊಂದು ಮಿದುಳಿನ ಹಾರ್ಮೋನು ಕಂಡುಹಿಡಿಯಿತು. ಅದು ಎಲ್‌ಎಚ್‌ಗೆ ಬ್ರೇಕ್ ಹಾಕುತ್ತದೆ. ಮೆಲಟೋನಿನ್ ಅದನ್ನು ಹೆಚ್ಚಿಸುತ್ತದೆ. ಮೆಲಟೋನಿನ್ ತಯಾರಿಸುವ ಕಣ್ಣು, ಪೀನಿಯಲ್ ಗ್ರಂಥಿ ಎರಡನ್ನೂ ತೆಗೆದರೆ ಜಿಎನ್‌ಐಎಚ್ ಇಳಿಯುತ್ತದೆ, ಮೆಲಟೋನಿನ್ ಕೊಟ್ಟರೆ ಮತ್ತೆ ಏರುತ್ತದೆ.

ಗೊಂದಲ ಇಲ್ಲೇ. ಕಣ್ಣು, ಪೀನಿಯಲ್ ಇಲ್ಲದಿದ್ದರೂ ಹಗಲು ಉದ್ದವಾದರೆ ಗೌಜಲದ ವೃಷಣ ಬೆಳೆಯುತ್ತದೆ, ಅಲ್ವಾ? ಪಠ್ಯಪುಸ್ತಕ, ರಿವ್ಯೂ ಲೇಖನ ಎಲ್ಲ ನೋಡಿದೆ. ಎರಡು ದಾರಿಗಳನ್ನೂ ಬೇರೆ ಬೇರೆಯಾಗಿ ವಿವರಿಸಿದ್ದಾರೆ, ಎಲ್ಲಿ ಸೇರುತ್ತವೆ ಅನ್ನುವುದು ಸಿಗಲಿಲ್ಲ. ಗೈಡ್ ಹತ್ತಿರ ಕೇಳಿದೆ, ಅವರಿಗೂ ಖಚಿತವಿಲ್ಲ.

ನನ್ನ ಪ್ರಶ್ನೆ: ಗೌಜಲದಲ್ಲಿ ಮೆಲಟೋನಿನ್-ಜಿಎನ್‌ಐಎಚ್ ದಾರಿ ಸಂತಾನದ ಋತುವನ್ನೇ ನಿರ್ಧರಿಸುತ್ತದೆಯೇ, ಇಲ್ಲ ಟಿ3 ದಾರಿ ನಿರ್ಧರಿಸಿದ ಮೇಲೆ ಎಲ್‌ಎಚ್ ಮಟ್ಟವನ್ನು ಹದಗೊಳಿಸುತ್ತದೆಯೇ? ಯಾವ ಪ್ರಯೋಗ ಇದನ್ನು ಬಿಡಿಸಿ ತೋರಿಸುತ್ತದೆ?