ಸಹಾಯ ಬೇಕು: ಮೈಸೂರಿಗೊಂದು ಸಮುದಾಯ ಕ್ರೀಡಾ ನೀತಿ

ನಮಸ್ಕಾರ. ಮೈಸೂರಿನ ನಾವು ಕೆಲವು ನಿವಾಸಿಗಳು ಸೇರಿ ಪಾಲಿಕೆಗೆ ಕೊಡಲು ಸಮುದಾಯ ಕ್ರೀಡಾ ನೀತಿಯ ಕರಡೊಂದನ್ನು ಬರೆಯುತ್ತಿದ್ದೇವೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ಆಟದ ಮೈದಾನಗಳು ನಗರಾಡಳಿತದ ಹೊಣೆಗಳ ಸಾಲಿನಲ್ಲೇ ಇವೆ. ಉದ್ಯಾನ, ಮೈದಾನ, ಬಯಲು ಜಾಗಗಳ ರಕ್ಷಣೆಗೆ ರಾಜ್ಯದ 1985ರ ಕಾಯ್ದೆಯೂ ಇದೆ. ಆದರೆ ಜಾಗ ಉಳಿದರಷ್ಟೇ ಸಾಲದು. ಸಂಜೆ ಕ್ರಿಕೆಟ್ ಹುಡುಗರೇ ಮೈದಾನ ತುಂಬಿದರೆ ಹೆಣ್ಣುಮಕ್ಕಳ ಕಬಡ್ಡಿಗೆ, ಗಾಲಿಕುರ್ಚಿ ಬಳಸುವವರಿಗೆ, ಹಿರಿಯರ ನಡಿಗೆಗೆ ಎಡೆ ಎಲ್ಲಿ?

ಶಾಲಾ ಮೈದಾನವನ್ನು ತರಗತಿ ಮುಗಿದ ಮೇಲೆ ಬಡಾವಣೆಗೆ ತೆರೆಯುವ ಒಪ್ಪಂದ ಮಾಡಿಕೊಂಡ ಅನುಭವ ಯಾರಿಗಾದರೂ ಇದೆಯೇ? ಕಾವಲು, ವಿಮೆ, ಶೌಚಾಲಯದ ಖರ್ಚು ಯಾರದೆಂದು ಹೇಗೆ ಬರೆದುಕೊಂಡಿರಿ? ನಮ್ಮ ಚರ್ಚೆ ಪದೇ ಪದೇ ನಿಲ್ಲುವುದು ಇಲ್ಲೇ. ದೈಹಿಕ ಶಿಕ್ಷಣ ಶಿಕ್ಷಕರು, ಗರಡಿಮನೆಯ ಉಸ್ತಾದರು, ಕಾನೂನು ಬಲ್ಲವರು ದಯವಿಟ್ಟು ತಿಳಿಸಿ. ಮಾದರಿ ಒಪ್ಪಂದಪತ್ರವಿದ್ದರೆ ಇಲ್ಲೇ ಹಾಕಿ.